ಕದ್ದ ಸೀಡಿಯೂ ಗದ್ದೆಗಳ ಹೆಸರೂ

ಕುಂದಾಪುರದಲ್ಲಿ ಯಾರಾದರೂ ಹೊಸ ಆಫೀಸು ತೆರೆದರೆ, ಗಣಹೋಮದ ಪ್ರಸಾದ ಕೈಗಿತ್ತ ಮೇಲೆ ನನ್ನನ್ನು ಒಂದು ಮೂಲೆಗೆ ಕರೆದು, ಕಂಪ್ಯೂಟರಿಗೆ ಏನೇನು ಹಾಕಿಸಬೇಕೆಂದು ಕೇಳುವುದು ಈಚೆಗೆ ರೂಢಿಯಾಗಿದೆ. ನಾನು ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ: ಸಾಫ್ಟ್‌ವೇರನ್ನು ಬಿಲ್ಲು ಪಡೆದೇ ಕೊಳ್ಳಿ. ಆ ಬಿಲ್ಲನ್ನು ಜಾಗದ ಪತ್ರದ ಜೊತೆ ಕಪಾಟಿನಲ್ಲಿಡಿ. ಕಂಪನಿಯವರು ಹೊಸ ಆವೃತ್ತಿ ಬಂದಿದೆ ಎಂದಾಗ ಮುಖ ಗಂಟಿಕ್ಕದೆ ಹಾಕಿಸಿಕೊಳ್ಳಿ. ಹಾಕಿಸಿದ ವಾರದೊಳಗೆ ಹಳೆಯ ಫೈಲುಗಳನ್ನೆಲ್ಲ ಅದರಲ್ಲಿ ತೆರೆದು ಕಣ್ಣಾರೆ ನೋಡಿ. ಕಳೆದರೆ ಮತ್ತೆ ಸಿಗದು ಎನ್ನಿಸುವಂಥದ್ದನ್ನು ಕಾಗದದ ಮೇಲೆ ಇಳಿಸಿಡಿ.

ಪುರೋಹಿತರು ಸಂಕಲ್ಪ ಹೇಳಿಸುವಾಗ ತಲೆ ತಗ್ಗಿಸಿ ನಿಂತಂತೆ ನಿಂತು ಅವರು ಎಲ್ಲವನ್ನೂ ಕೇಳುತ್ತಾರೆ. ಆಮೇಲೆ ದನಿ ಇಳಿಸಿ, “ಅದೆಲ್ಲ ಸಮ, ಮಾಷ್ಟ್ರೇ. ನಿಮ್ಮತ್ರ ಆ ಹಳೇ ಸೀಡಿ ಇತ್ತಾ?” ಎನ್ನುತ್ತಾರೆ.

ಹಾಗೆ ಕೇಳುವುದರಲ್ಲಿ ಅವರ ತಪ್ಪೇನಿಲ್ಲ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಈ ಕಡಲ ಪಟ್ಟಿಯಲ್ಲಿ ಕದ್ದ ಸಾಫ್ಟ್‌ವೇರಿನ ವಂಶವೃಕ್ಷ ಬರೆಯಲು ಯಾರಾದರೂ ಕೂತರೆ, ಮೂಲಪುರುಷನ ಜಾಗದಲ್ಲಿ ನನ್ನನ್ನೇ ಬರೆಯಬೇಕಾಗುತ್ತದೆ.

ನನ್ನದು ಬಸ್‌ಸ್ಟ್ಯಾಂಡಿನ ಹತ್ತಿರದ ಮಾಳಿಗೆಯ ಮೇಲೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ಒಂಬತ್ತು ಯಂತ್ರ, ಒಂಬತ್ತು ಸ್ಟೂಲು, ಗೋಡೆಗೆ ಬೆರಳುಗಳ ಚಿತ್ರ. ಟೈಪು ಕಲಿಸುವವನಾದ್ದರಿಂದ ಊರಿಗೆಲ್ಲ ಮಾಷ್ಟ್ರು. ೧೯೯೭ರಲ್ಲಿ ಒಂದು ಯಂತ್ರವನ್ನು ಸರಿಸಿ ಆ ಜಾಗದಲ್ಲಿ ಕಂಪ್ಯೂಟರು ಇಟ್ಟೆ. ತೆಂಗಿನಕಾಯಿ ಒಡೆದದ್ದಾಯಿತು, ಪರದೆಗೆ ಕುಂಕುಮ ಇಟ್ಟದ್ದಾಯಿತು. ಆದರೆ ಅದು ಕನ್ನಡ ಬರೆಯದು. ಕನ್ನಡ ಬರಬೇಕಾದರೆ ಬೇರೆ ಸಾಫ್ಟ್‌ವೇರು ಬೇಕು, ಅದಕ್ಕೊಂದು ಬೀಗವೂ ಬೇಕು ಎಂದರು. ಬೀಗವೆಂದರೆ ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ತುಂಡು. ದುಡ್ಡು ಕೊಟ್ಟು ಕೊಂಡವರಿಗೆ ಮಾತ್ರ ಕಂಪನಿ ಅದನ್ನು ಕೊಡುತ್ತದೆ. ಅದು ಬೆನ್ನಿಗಿದ್ದರೆ ಕನ್ನಡ ಮೂಡುತ್ತದೆ, ಇಲ್ಲದಿದ್ದರೆ ಇಲ್ಲ.

ಮಂಗಳೂರಿನಿಂದ ಕಂಪನಿಯ ಏಜೆಂಟ ಬಂದ. ನಮ್ಮ ಸೆಕೆಗೆ ಟೈ ಕಟ್ಟಿಕೊಂಡು ಬಂದ ಆ ಧೀರನಿಗೆ ಚಹಾ ತರಿಸಿಕೊಟ್ಟು, ಬೆಲೆ ಕೇಳಿ, ಅಷ್ಟು ದುಡ್ಡಿಗೆ ನಾಲ್ಕು ಟೈಪ್‌ರೈಟರ್ ಬರುತ್ತಿತ್ತಲ್ಲ ಎಂದು ಹಳೆಯ ಕಾಲವನ್ನು ಹೊಗಳಿ ಕಳಿಸಿದೆ.

ಆ ಬೇಸಗೆಯಲ್ಲಿ ಮುಂಬೈಯ ಹೋಟೆಲಿನಲ್ಲಿದ್ದ ನನ್ನ ಭಾವ ರಜೆಗೆ ಬಂದರು. ಪೆಟ್ಟಿಗೆಯೊಳಗೆ ಬನಿಯನ್ನಿನ ಮಡಿಕೆಯಿಂದ ಒಂದು ಸೀಡಿ ತೆಗೆದರು. ಫುಟ್‌ಪಾತಿನ ಮೇಲೆ ಕೊಂಡದ್ದು. ಆಫೀಸಿಗೆ ಬೇಕಾದ ಇಂಗ್ಲಿಷ್ ಸಾಫ್ಟ್‌ವೇರು, ಕನ್ನಡದ್ದು, ಎಲ್ಲವೂ ಅದೊಂದರಲ್ಲೇ.

“ಬೀಗ ಇಲ್ಯಾ ಭಾವ?”

“ಬೀಗ ಒಡ್ದ್ ಕೊಟ್ಟದ್. ಅದಕ್ಕೇ ಅಲ್ದಾ ಇಷ್ಟ್ ಸಸ್ತಾ!”

ಮನಸ್ಸು ಚುಚ್ಚಲಿಲ್ಲವೇ ಎಂದರೆ, ಇಲ್ಲ. ನಾನು ಬೆಳೆದ ಮನೆಯ ಧರ್ಮಶಾಸ್ತ್ರವೇ ಬೇರೆ. ನಮ್ಮಮ್ಮ ಯಾರ ಮನೆಗೆ ಹೋದರೂ ಬರುವಾಗ ಕೊಡೆಯೊಳಗೆ ಒಂದು ಗೆಲ್ಲು ಇರುತ್ತಿತ್ತು. ವೀಳ್ಯದೆಲೆಯ ಬಳ್ಳಿಯೋ, ದಾಸವಾಳದ್ದೋ. ಹೇಳಿ ತಂದ ಗಿಡ ಬಾಡುತ್ತದೆ, ಕದ್ದು ತಂದದ್ದು ಚಿಗುರುತ್ತದೆ ಎಂಬುದು ಅವಳ ಸಿದ್ಧಾಂತ. ನಮ್ಮ ಅಂಗಳವೇ ಅದಕ್ಕೆ ಸಾಕ್ಷಿಯಾಗಿತ್ತು. ಇನ್ನು ಮೊಸರಿನ ಹೆಪ್ಪು. ಅದನ್ನು ಕೇಳಿ ಬಂದವರಿಗೆ, ಕೋರ್ಟಿನಲ್ಲಿ ವ್ಯಾಜ್ಯ ನಡೆಯುತ್ತಿದ್ದರೂ, ಇಲ್ಲ ಎನ್ನುವಂತಿರಲಿಲ್ಲ. ಹೆಪ್ಪು ಕೊಟ್ಟರೆ ನಮ್ಮ ಮೊಸರೇನು ಕಡಿಮೆಯಾಗುತ್ತದೆಯೇ? ಸೀಡಿಯೂ ಹಾಗೆಯೇ, ಎಷ್ಟು ಕೊಟ್ಟರೂ ಮುಗಿಯದ ಪದಾರ್ಥ. ಹಾಗಾಗಿ ಕದ್ದದ್ದಕ್ಕೆ ಅಮ್ಮನ ಒಂದು ಸಿದ್ಧಾಂತ, ಹಂಚಿದ್ದಕ್ಕೆ ಇನ್ನೊಂದು. ಎರಡೂ ಕೈಯಲ್ಲಿದ್ದವನಿಗೆ ಕಾನೂನು ಎಂತಕ್ಕೆ?

ಮೊದಲು ಬಂದವನು ಬೈಂದೂರಿನ ಜೆರಾಕ್ಸ್ ಅಂಗಡಿಯವ, ನನ್ನ ಶಾಲೆಯ ಜೊತೆಗಾರ. ಮೆಟ್ಟಿಲ ಬುಡದಿಂದಲೇ ಕೂಗಿದ: “ಹ್ವಾಯ್, ಆ ಸೀಡಿ ಒಂದಿನಕ್ಕೆ ಕೊಡಿ ಕಾಂಬ. ನಾಳೆ ಎಕ್ಸ್‌ಪ್ರೆಸ್ ಬಸ್ಸಲ್ ಕಳ್ಸ್ತೆ.”

“ಕಳ್ಳಮಾಲ್ ಮಾರಾಯಾ ಅದ್.”

“ಹೌದಾ? ಹಾಂಗಾರೆ ಗಟ್ಟಿ ಇರತ್ತ್, ಬಿಡಿ.”

ಅವನಿಂದ ಅದು ಕೊಲ್ಲೂರಿನ ಲಾಡ್ಜುಗಳಿಗೆ ಹೋಯಿತು. ನನ್ನಿಂದ ಸಾಲಿಗ್ರಾಮಕ್ಕೆ, ಬ್ರಹ್ಮಾವರಕ್ಕೆ. ಬಸ್ಸಿನ ಡ್ರೈವರನ ಪಕ್ಕದಲ್ಲಿ, ಮಲ್ಲಿಗೆಯ ಕಟ್ಟಿನ ಮೇಲೆ ಕೂತು ನನ್ನ ಸೀಡಿಯ ಮರಿಗಳು ಊರೂರು ಸವಾರಿ ಹೊರಟವು. ಎರಡು ವರ್ಷದೊಳಗೆ ಈ ಪಟ್ಟಿಯಲ್ಲಿ ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಉತ್ತರಕ್ರಿಯೆಯ ಕಾರ್ಡು ಎಲ್ಲವೂ ಒಂದೇ ಮುಖದ ಅಕ್ಷರದಲ್ಲಿ ಬರತೊಡಗಿದವು. ನಾನು ಬಸ್‌ಸ್ಟ್ಯಾಂಡಿನ ಗೋಡೆಗಳನ್ನು ನೋಡಿಕೊಂಡು, ಮೊಮ್ಮಕ್ಕಳನ್ನು ಕಂಡ ಅಜ್ಜನ ಹಾಗೆ ಹಿಗ್ಗುತ್ತಿದ್ದೆ.

ಪೋಸ್ಟಣ್ಣ ಬಂದದ್ದು ೨೦೦೨ರ ಹೊತ್ತಿಗೆ.

ಅವರು ವಂಡ್ಸೆಯ ಕಡೆಯವರು. ಟಪಾಲು ಹಂಚುವ ಕೆಲಸದಿಂದ ನಿವೃತ್ತರಾಗಿ ಆಗಲೇ ಕೆಲವು ವರ್ಷವಾಗಿತ್ತು. ಪೋಸ್ಟಣ್ಣ ಎಂದೇ ಎಲ್ಲರೂ ಕರೆಯುವುದು. ಕಂಕುಳಲ್ಲಿ ಕೊಡೆ, ಕೈಚೀಲದಲ್ಲಿ ರಟ್ಟಿನ ಐದು ಪುಸ್ತಕ. ಸ್ಟೂಲಿನ ಮೇಲೆ ಕೂತು ಮೊದಲನೆಯದನ್ನು ಬಿಡಿಸಿ ನನ್ನ ಮುಂದೆ ಹಿಡಿದರು. ಅದರ ತುಂಬ ಗದ್ದೆಗಳ ಹೆಸರು.

ನಮ್ಮಲ್ಲಿ ಪ್ರತಿ ಗದ್ದೆಗೂ ಒಂದು ಹೆಸರುಂಟಷ್ಟೆ. ಸರ್ವೆ ನಂಬರು ಸರ್ಕಾರಕ್ಕೆ. ಹೂಡುವವನಿಗೆ, ನೆಡುವವಳಿಗೆ ಹೆಸರೇ. ಟಪಾಲು ಹಿಡಿದು ಬೈಲುಗಳಲ್ಲಿ ತಿರುಗುವಾಗ ಪೋಸ್ಟಣ್ಣ ಗದ್ದೆಯಂಚಿನ ಬದುವಿನ ಮೇಲೆ ನಿಂತು ಕೇಳುತ್ತಿದ್ದರಂತೆ, ಈ ಗದ್ದೆಯ ಹೆಸರೇನು, ಯಾಕೆ ಆ ಹೆಸರು ಎಂದು. ನಿವೃತ್ತಿಯಾದ ಮೇಲೆ ಅದೇ ಕೆಲಸ. ಮುನ್ಸಿನಗದ್ದೆ: ಅಣ್ಣತಮ್ಮ ಅಂಚು ಕಡಿದು ಮಾತು ಬಿಟ್ಟದ್ದಕ್ಕೆ. ಗಂಜಿಗದ್ದೆ: ಅದರ ಅಕ್ಕಿ ಅನ್ನಕ್ಕೆ ಆಗದು, ಗಂಜಿಗೇ ಸೈ. ಕೊಕ್ಕರೆಮಕ್ಕಿ: ಕೊಕ್ಕರೆ ಬಂದಿಳಿಯುವ ಎತ್ತರದ ಗದ್ದೆ. ಅತ್ತೆಗದ್ದೆ: ಅದರ ಅರ್ಥ ಬರೆದ ಕಡೆ ಮಾತ್ರ, ‘ಹೇಳಿದವರು ಹೆಸರು ಹಾಕಬೇಡಿ ಎಂದಿದ್ದಾರೆ’ ಎಂದಿತ್ತು.

“ಇದ್ ಪುಸ್ತಕ ಮಾಡ್ಕ್, ಮಾಷ್ಟ್ರೇ. ಗದ್ದಿ ಎಲ್ಲ ಸೈಟ್ ಆತಾ ಇತ್ತ್. ಗದ್ದಿ ಹೋಯ್ಲಿ, ಹೆಸ್ರಾರೂ ಉಳಿಕಲೆ?”

ಮೂರು ವರ್ಷ ಹಿಡಿಯಿತು. ವಾರಕ್ಕೆ ಎರಡು ಮಧ್ಯಾಹ್ನ ಬಂದು ಕೂರುವರು, ನಾನು ಓದಿಕೊಂಡು ಕುಟ್ಟುವುದು, ಅಕ್ಷರ ತಿಳಿಯದಲ್ಲಿ ಅವರು ಹೇಳುವುದು. ನನಗೆ ತಾಳ್ಮೆ ಇದ್ದದ್ದೆಂದು ಯಾರೂ ತಿಳಿಯಬಾರದು. “ಇನ್ನೆಷ್ಟ್ ಗದ್ದಿ ಇತ್ತ್ ಪೋಸ್ಟಣ್ಣ?” ಎಂದು ಗೊಣಗುತ್ತಲೇ ಇದ್ದೆ. “ಬ್ರಹ್ಮಾವರ ಬದಿ ಒಂದ್ ಬೈಲ್ ಬಾಕಿ,” ಎಂದು ಅವರು ಹೇಳುತ್ತಲೇ ಇದ್ದರು. ಬೈಂದೂರಿನ ಆಚೀಚಿನ ಹೆಸರುಗಳಿದ್ದ ಮೊದಲ ಹನ್ನೆರಡು ಪುಟವನ್ನು ಮಾತ್ರ ಪ್ರಿಂಟು ತೆಗೆದು ಅವರ ಕೈಗೆ ಕೊಟ್ಟಿದ್ದೆ, ಪುಸ್ತಕ ಅಚ್ಚು ಹಾಕಿಸುವ ದಾನಿಗಳಿಗೆ ತೋರಿಸಲೆಂದು. ಉಳಿದದ್ದನ್ನು ಪುಸ್ತಕವಾಗುವಾಗಲೇ ತೆಗೆದರಾಯಿತು, ಪ್ರಿಂಟರಿನ ರಿಬ್ಬನ್ನು ಯಾಕೆ ದಂಡ ಎಂಬುದು ನನ್ನ ತೀರ್ಮಾನ.

ಐದನೆಯ ಪುಸ್ತಕ ಮುಗಿದ ದಿನ ಪೋಸ್ಟಣ್ಣ ಒಂದು ಪ್ರಶ್ನೆ ಕೇಳಿದರು. ನನ್ನ ಇಡೀ ಬದುಕಿನಲ್ಲಿ ಯಾರೂ ನನಗೆ ಅಷ್ಟು ಮುಖ್ಯವಾದದ್ದನ್ನು ಕೇಳಿಲ್ಲ.

“ಎಲ್ಲ ಒಳ್ಗ್ ಹೋಯ್ತಲೆ? ಇನ್ನ್ ಈ ಪುಸ್ತಕ ಬೇಡ ಅಲ್ದಾ?”

ಮನೆಯಲ್ಲಿ ಗೆದ್ದಲಂತೆ. ಮಗಳು ರದ್ದಿಗೆ ಹಾಕೋಣ ಎನ್ನುತ್ತಾಳಂತೆ. ರದ್ದಿಗೆ ಹಾಕಿದರೆ ನೆಲಗಡಲೆ ಕಟ್ಟುತ್ತಾರೆ, ತಿಂದವರು ದಾರಿಯಲ್ಲಿ ಬಿಸಾಡುತ್ತಾರೆ, ಮೆಟ್ಟುತ್ತಾರೆ. ಅಕ್ಷರ ಸರಸ್ವತಿ, ಕಾಲು ತಾಗಬಾರದು. ಹಳೆಯ ಓಲೆಗರಿಯನ್ನೂ ಜಾತಕವನ್ನೂ ಹಿರಿಯರು ಹೇಗೆ ಹರಿಯುವ ನೀರಿಗೆ ಬಿಡುತ್ತಿದ್ದರೋ ಹಾಗೆ ಬಿಡುತ್ತೇನೆ ಎಂದರು.

ನಾನು ಏನು ಹೇಳಿದೆ ಎಂಬುದು ಸರಿಯಾಗಿ ನೆನಪಿದೆ. ಮರೆಯುವ ಸವಲತ್ತು ಸಿಕ್ಕಿಲ್ಲ. ಕಂಪ್ಯೂಟರಿನ ತಲೆ ತಟ್ಟಿ, “ಬಿಡಿ ಪೋಸ್ಟಣ್ಣ, ಇದ್ರೊಳ್ಗೆ ಗೆದ್ದಲ್ ಬಪ್ದಿಲ್ಲೆ,” ಎಂದೆ.

ಊರಿನ ಹೊಳೆಗಳು ಕೂಡುವ ಸಂಗಮದ ಹತ್ತಿರ, ನೀರು ಕಡಲಿಗೆ ಇಳಿಯುವ ಹೊತ್ತು ನೋಡಿಕೊಂಡು, ಐದು ಪುಸ್ತಕವನ್ನೂ ಹೂವಿನ ಜೊತೆ ಬಿಟ್ಟರು. ನಾನೂ ದಡದಲ್ಲಿ ನಿಂತಿದ್ದೆ. ನಾಲ್ಕು ಕೂಡಲೇ ಮುಳುಗಿದವು. ಒಂದು ರಟ್ಟಿನ ಬಲದಿಂದ ಸ್ವಲ್ಪ ದೂರ ತೇಲಿ ಹೋಯಿತು. “ಅದಕ್ಕೆ ಹೋಪುಕೆ ಮನಸ್ಸಿಲ್ಲೆ ಕಾಣಿ,” ಎಂದು ಪೋಸ್ಟಣ್ಣ ನಕ್ಕರು. ನಾನೂ ನಕ್ಕೆ.

ಮರುವರ್ಷ ಟೈಯ ಏಜೆಂಟ ಮತ್ತೆ ಬಂದ. ಕೂದಲು ಹಿಂದೆ ಸರಿದಿತ್ತು, ಟೈ ಮಾತ್ರ ಅದೇ. ಈ ಸಲ ಅವನದು ಮಾರುವ ಗತ್ತಲ್ಲ, ವೈದ್ಯರ ದನಿ. ಕಂಪ್ಯೂಟರಿನ ಹಳೆಯ ಮಾದರಿಯ ಕನ್ನಡ ಅಕ್ಷರಗಳ ಕಾಲ ಮುಗಿಯುತ್ತಿದೆ, ಹೊಸ ಆವೃತ್ತಿಯಲ್ಲಿ ಬರೆದದ್ದು ಯಾವ ಕಂಪ್ಯೂಟರಿನಲ್ಲೂ ಓದಲು ಬರುತ್ತದೆ, ಕದ್ದದ್ದು ಬಳಸಿದವರೂ ಈಗ ಒಪ್ಪಿಕೊಂಡು ಕೊಂಡರೆ ರಿಯಾಯಿತಿ ಇದೆ, ನಾನೇ ಕೂತು ನಿಮ್ಮ ಹಳೆಯ ಫೈಲುಗಳನ್ನು ಹೊಸದಕ್ಕೆ ತಿರುಗಿಸಿ ಕೊಟ್ಟು ಹೋಗುತ್ತೇನೆ ಎಂದ.

“ಯಂತ್ರ ಸರಿ ಇರುವಾಗಲೇ ಮಾಡಿಸಿಕೊಳ್ಳಿ ಸಾರ್,” ಎಂದದ್ದನ್ನು ಎರಡು ಸಲ ಹೇಳಿದ.

ಆ ದಿನ ಬೈಂದೂರಿನ ಜೊತೆಗಾರನೂ ಅಲ್ಲೇ ಕೂತಿದ್ದ. ಅವನೆದುರು ಒಪ್ಪಿಕೊಳ್ಳುವುದೆಂದರೆ, ಇಷ್ಟು ವರ್ಷದ ಮೂಲಪುರುಷತ್ವಕ್ಕೆ ರಾಜೀನಾಮೆ ಕೊಟ್ಟಂತೆ. ನಾನು ಕನ್ನಡಕ ತೆಗೆದು ಒರೆಸಿ, ನಮ್ಮದು ಒಂಬತ್ತು ವರ್ಷದಿಂದ ಒಂದು ದಿನ ಕೆಮ್ಮಿಲ್ಲ, ನಿಮ್ಮ ಹೊಸದು ಎಷ್ಟು ದಿನ ಬದುಕುತ್ತದೆಂದು ಬರೆದುಕೊಡುತ್ತೀರೋ ಎಂದು ಕೇಳಿದೆ. ಜೊತೆಗಾರ ತೊಡೆ ತಟ್ಟಿ ನಕ್ಕ. ಏಜೆಂಟ ತನ್ನ ಚಹಾ ಪೂರ್ತಿ ಕುಡಿಯದೆ ಎದ್ದ. ಅಂಥ ಗೆಲುವಿನ ಕ್ಷಣ ನನ್ನ ಬಾಳಿನಲ್ಲಿ ಹೆಚ್ಚು ಬಂದದ್ದಿಲ್ಲ.

ಮತ್ತೆರಡು ಮಳೆಗಾಲ ಕಳೆದಿತ್ತು. ನವರಾತ್ರಿಯ ಆಸುಪಾಸು, ಮಧ್ಯಾಹ್ನ. ಸಿಡಿಲು ಟೆಲಿಫೋನಿನ ತಂತಿ ಹಿಡಿದು ಮಾಳಿಗೆಗೆ ಬಂತು. ಕಂಪ್ಯೂಟರಿನಿಂದ ಸುಟ್ಟ ವಾಸನೆ ಎದ್ದಿತು, ಅಷ್ಟೆ. ರಿಪೇರಿಯವನು ಮುಚ್ಚಳ ತೆಗೆದು, ಮನೆಯವರನ್ನು ಹೊರಗೆ ಕರೆದು ಮಾತಾಡುವ ಡಾಕ್ಟರ ಹಾಗೆ ನನ್ನನ್ನು ಹೊರಗೆ ಕರೆದ. ನಾನು ಗಾಬರಿಯಾಗಲಿಲ್ಲ. ಗದ್ದೆಯ ಫೈಲಿನ ನಕಲು ಬೇರೆ ಸೀಡಿಯಲ್ಲಿ ಮನೆಯಲ್ಲಿತ್ತು. ಎರಡಿತ್ತು. ನಾನೇನು ಮೂರ್ಖನೇ?

ಹೊಸ ಕಂಪ್ಯೂಟರು ತಂದು, ಮುಂಬೈಯ ಸೀಡಿಯನ್ನು ಹಾಕಿದೆ. ಆ ಹಳೆಯ ಸಾಫ್ಟ್‌ವೇರು ಹೊಸ ಯಂತ್ರದೊಳಗೆ ಕೂರಲೊಪ್ಪಲಿಲ್ಲ. ಬೈಂದೂರಿಗೆ ಹೋಗಿ ಜೊತೆಗಾರನ ಹಳೆಯ ಕಂಪ್ಯೂಟರಿನಲ್ಲಿ ಫೈಲು ತೆರೆದೆ. ಪರದೆಯ ತುಂಬ ಚೌಕ, ಚುಕ್ಕೆ, ಪ್ರಶ್ನೆಚಿಹ್ನೆ. ಬ್ರಹ್ಮಾವರಕ್ಕೆ ಹೋದೆ. ಅಲ್ಲಿಯೂ ಅದೇ ಚೌಕ, ಅದೇ ಚುಕ್ಕೆ. ಹಂಚುವಾಗ ಒಂದು ಹೆಪ್ಪಿನಿಂದ ನೂರು ಗಡಿಗೆ ಎಂದು ಹಿಗ್ಗಿದ್ದೆ. ಹೆಪ್ಪೇ ಕೆಟ್ಟಿದ್ದರೆ ಯಾವ ಮನೆಯ ಗಡಿಗೆ ಮುಟ್ಟಿ ಏನು?

ಕೊನೆಗೆ ಮಂಗಳೂರಿನ ಆ ಕಂಪನಿಯ ಕಚೇರಿಯ ಮೆಟ್ಟಿಲು ಹತ್ತಿದೆ. ಅಲ್ಲಿ ನಮ್ಮ ಟೈಯವನೇ ಇದ್ದ. ನನ್ನನ್ನು ಕಂಡು ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕುರ್ಚಿ ಕೊಟ್ಟ, ಚಹಾ ತರಿಸಿದ, ಸೀಡಿ ಹಾಕಿ ತುಂಬ ಹೊತ್ತು ನೋಡಿದ. ಆಮೇಲೆ ತಿಳಿಯುವ ಹಾಗೆ ಹೇಳಿದ. ಬೀಗ ಬೆನ್ನಿಗಿಲ್ಲದೆ ಕೆಲಸ ಮಾಡುವಾಗ ಆ ಸಾಫ್ಟ್‌ವೇರು, ತಾನು ಬರೆದದ್ದನ್ನೆಲ್ಲ ಆ ಯಂತ್ರದ ಗುರುತು ಸೇರಿಸಿ ಕಲಸಿಡುತ್ತದೆ. ಆ ಯಂತ್ರದಲ್ಲಿ ತೆರೆದರೆ ನೆಟ್ಟಗೆ ಕಾಣುತ್ತದೆ. ಬೇರೆಲ್ಲಿ ತೆರೆದರೂ ಕಾಣದು. ಕಳ್ಳನಿಗೆಂದೇ ಇಟ್ಟ ಉರುಳು ಅದು. ಬೀಗ ಒಡೆದವನಿಗೆ ಆ ಉರುಳು ಗೊತ್ತೇ ಆಗಿರಲಿಲ್ಲ.

“ಆ ಯಂತ್ರ ತನ್ನಿ ಸಾರ್. ಅದು ಒಂದು ಸಲ ಶುರುವಾದರೂ ಸಾಕು.”

“ಅದ್ ಸುಟ್ಟ್ ಹೋಯ್ತ್.”

ಅವನು ತನ್ನ ಟೈಯನ್ನು ನೋಡಿಕೊಂಡ. ನಾನು ಈ ಸಲ ಚಹಾ ಪೂರ್ತಿ ಕುಡಿದೆ, ಕೈಗೆ ಬೇರೆ ಕೆಲಸವಿರಲಿಲ್ಲ. ನಕಲು ಮಾಡಿಟ್ಟರೆ ಸಾಲದು, ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ಒಮ್ಮೆ ತೆರೆದು ನೋಡಬೇಕೆಂದು ನಾನು ಈಗ ಎಲ್ಲರಿಗೂ ಉಪದೇಶಿಸುತ್ತೇನೆ. ಅಷ್ಟು ಮಾಡಿದ್ದರೆ ಪುಸ್ತಕ ನೀರಿಗೆ ಬೀಳುವ ಮೊದಲೇ ತಿಳಿಯುತ್ತಿತ್ತು. ಹತ್ತು ನಿಮಿಷದ ಕೆಲಸ.

ಪೋಸ್ಟಣ್ಣನಿಗೆ ಹೇಳಲು ನಾಲ್ಕು ತಿಂಗಳು ಬೇಕಾಯಿತು. ಫೋನು ಬಂದರೆ ಯಂತ್ರ ರಿಪೇರಿಗೆ ಹೋಗಿದೆ ಎನ್ನುತ್ತಿದ್ದೆ. ಮೆಟ್ಟಿಲ ಮೇಲೆ ಕೊಡೆ ಊರುವ ಸದ್ದು ಕೇಳಿದರೆ ಹಿಂದಿನ ಬಾಗಿಲಿನಿಂದ ಇಳಿದು ಹೋದದ್ದೂ ಉಂಟು. ಕಡೆಗೆ ನಾನೇ ವಂಡ್ಸೆಯ ಬಸ್ಸು ಹತ್ತಿದೆ.

ಅವರು ಜಗಲಿಯಲ್ಲಿದ್ದರು. ಎಂಬತ್ತು ದಾಟಿತ್ತು. ನಾನು ಎಲ್ಲವನ್ನೂ ಹೇಳಿದೆ. ಮುಂಬೈಯ ಸೀಡಿ, ಏಜೆಂಟ, ಸಿಡಿಲು, ಉರುಳು. ಅವರು ಕೇಳಿದ್ದು ಒಂದೇ.

“ಕದ್ದದ್ ಅಂದೇಳಿ ನಿಮ್ಗ್ ಗೊತ್ತಿತ್ತಾ?”

“ಗೊತ್ತಿತ್ತ್.”

“ನಂಗ್ ಹೇಳುಕಿತ್ತ್ ಮಾಷ್ಟ್ರೇ. ನಾ ಪುಸ್ತಕ ಇಟ್ಕಂತಿದ್ದೆ.”

ಅದಕ್ಕಿಂತ ಹೆಚ್ಚು ಅವರು ಬೈಯಲಿಲ್ಲ. ಒಳಗೆ ಹೋಗಿ ಆ ಹನ್ನೆರಡು ಪುಟ ತಂದು ನನ್ನ ಮುಂದಿಟ್ಟರು. “ಉಳ್ದದ್ದ್ ಬಾಯಲ್ ಹೇಳ್ತೆ, ನೀವ್ ಬರೀನಿ,” ಎಂದರು. ನನ್ನ ಬಳಿ ಪೆನ್ನಿತ್ತು. ಕಾಗದಕ್ಕೆ ಬಸ್ಸಿನ ವೇಳಾಪಟ್ಟಿಯ ಬೆನ್ನು.

ಆ ದಿನ ಹದಿನೇಳು ಹೆಸರು ಬಂತು. ಮುಂದಿನ ವಾರ ಒಂಬತ್ತು. ಆಮೇಲೆ ಹೇಳಿದ್ದನ್ನೇ ಹೇಳತೊಡಗಿದರು. ಬಾಡಿಗೆ ಕಾರು ಮಾಡಿ ಬ್ರಹ್ಮಾವರದ ಕಡೆಗೆ ಕರೆದುಕೊಂಡು ಹೋದೆ, ಜಾಗ ಕಂಡರೆ ನೆನಪಾದೀತೆಂದು. ಹೆದ್ದಾರಿ ಅಗಲ ಮಾಡಲು ಮಣ್ಣು ತುಂಬಿದ್ದರು. ಒಂದು ಕಲ್ಯಾಣ ಮಂಟಪದ ಎದುರು ಕಾರುಗಳು ನಿಲ್ಲುವ ಅಂಗಳದಲ್ಲಿ ಅವರು ಕೊಡೆ ಊರಿ ನಿಂತು, “ಇಲ್ ಮೂರ್ ಗದ್ದಿ ಇದ್ದಿತ್,” ಎಂದರು. ಮೂರರಲ್ಲಿ ಒಂದಕ್ಕೂ ಹೆಸರು ಸಿಗಲಿಲ್ಲ. ಆ ಹೆಸರುಗಳನ್ನು ಅವರಿಗೆ ಹೇಳಿದ್ದ ಮುದುಕಿ ತೀರಿ ಹೋಗಿ ಆರು ವರ್ಷವಂತೆ. ಕಾವಲಿನವನು ಬಂದು, ಯಾರ ಮದುವೆಗೆ ಬಂದಿರಿ ಎಂದು ಕೇಳಿದ.

ಕೊನೆಯ ಸಲ ಹೋದಾಗ ನಾವು ಅವರ ಜಗಲಿಯಲ್ಲಿ ಕೂತಿದ್ದೆವು. ಎದುರಿಗೆ ಅವರದೇ ಗದ್ದೆ. ಮೂರು ಮುಡಿ ಬೀಜ ಹಿಡಿಯುವ ಗದ್ದೆ. ಅವರಪ್ಪ ಉತ್ತದ್ದು, ಅಳಿಯ ಈಗಲೂ ಮಾಡುತ್ತಿರುವುದು. ಬೇರೇನೂ ಹೊಳೆಯದೆ, ಇದರ ಹೆಸರೇನು ಪೋಸ್ಟಣ್ಣ, ಇದನ್ನೇ ಬರೆದುಕೊಂಡಿಲ್ಲವಲ್ಲ ಎಂದೆ.

ಅವರು ಗದ್ದೆಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿದರು. ಮಗಳನ್ನು ಕರೆದು ಕೇಳಿದರು. ಅವಳು, “ಮನೆ ಎದ್ರಿನ್ ಗದ್ದಿ ಅಂಬ್ದಪ್ಪ, ನಂಗೆಂತ ಗೊತ್ತಿತ್ತ್,” ಎಂದಳು.

“ಮೊದಲ್ನೇ ಪುಸ್ತಕದ್ ಕಡೇ ಹಾಳಿಯೊಳ್ಗೆ ಬರ್ದಿದ್ದೆ,” ಎಂದರು ಪೋಸ್ಟಣ್ಣ. ಮಗಳು ಒಳಗೆ ಹೋದ ಮೇಲೆ, “ಬರ್ದ್ ಇಟ್ಟಿದ್ನಲೆ, ಅದ್ಕೇ ಮರ್ತ್ ಹೋಯ್ತ್,” ಎಂದರು.

ಹನ್ನೆರಡು ಪುಟವನ್ನು ನಾನು ಮತ್ತೆಮತ್ತೆ ತಿರುವಿದೆ. ಹದಿಮೂರನೆಯದರಲ್ಲಿ ಇದ್ದಿರಬೇಕು.

ಆಮೇಲೆ ಬಿಲ್ಲು ಪಡೆದು ಅಸಲಿ ಸಾಫ್ಟ್‌ವೇರು ಕೊಂಡೆ. ಹೊಸ ಆವೃತ್ತಿ ಬಂದಾಗಲೆಲ್ಲ ಹಾಕಿಸುತ್ತೇನೆ. ಹನ್ನೆರಡು ಪುಟವನ್ನೂ ಬಾಯಲ್ಲಿ ಹೇಳಿದ ಹೆಸರುಗಳನ್ನೂ ಅದರಲ್ಲಿ ಮತ್ತೆ ಕುಟ್ಟಿದ ಪೋಸ್ಟಣ್ಣನ ಫೈಲು ಯಾವ ಕಂಪ್ಯೂಟರಿನಲ್ಲೂ ಸೊಗಸಾಗಿ ತೆರೆಯುತ್ತದೆ, ಇದ್ದಷ್ಟು. ಅಂಥ ಪುಸ್ತಕಕ್ಕೆ ದಾನಿಗಳು ಸಿಗಲಿಲ್ಲ, ಪೋಸ್ಟಣ್ಣ ಕಾಯಲೂ ಇಲ್ಲ. ಅವರ ಉತ್ತರಕ್ರಿಯೆಯ ಕಾರ್ಡನ್ನು ನಾನೇ ಟೈಪು ಮಾಡಿದೆ. ಅಳಿಯ ಕರಡು ತಿದ್ದಲು ಬಂದವನು, ಮೇಜಿನ ಮೇಲಿದ್ದ ಮುಂಬೈಯ ಸೀಡಿ ಕಂಡು, ಇದು ಬೇಕಾ ಎಂದು ಕೇಳಿದ. ಬೇಡ ಎಂದೆ, ತೆಗೆದುಕೊಂಡು ಹೋದ.

ಹಾಗಾಗಿ ಹಳೆಯ ಸೀಡಿ ಇದೆಯೇ ಎಂದು ಕೇಳಿದವರಿಗೆ ನಾನು ಸುಳ್ಳು ಹೇಳುವುದಿಲ್ಲ. ಇದೆ. ವಂಡ್ಸೆಯ ಬದಿ ಒಂದು ಗದ್ದೆಯಲ್ಲಿ ಕೋಲಿಗೆ ಕಟ್ಟಿದ್ದಾರೆ. ಬಿಸಿಲಿಗೆ ಮಿಂಚಿ ಗಿಳಿಗಳನ್ನು ಹೆದರಿಸುತ್ತದೆ. ಆ ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ. ಹೋಗಿ ಬಿಚ್ಚಿಕೊಳ್ಳಿ ಎನ್ನುತ್ತೇನೆ.

“ಯಾವ್ ಗದ್ದಿ, ಮಾಷ್ಟ್ರೇ?” ಎಂದು ಕೇಳುತ್ತಾರೆ.